ಆ ಡೈಲಾಗ್ ನಿಜವಾಗಿ ಯಾರದ್ದು?

'ದುಡ್ಡಿನ ಜಾಡು ಹಿಡಿ' ಅಂತ ಅಮೆರಿಕದ ಅಧ್ಯಕ್ಷ ನಿಕ್ಸನ್ ಕುರ್ಚಿ ಕಳೆದ ವಾಟರ್‌ಗೇಟ್ ಹಗರಣದ ಗುಪ್ತ ಮಾಹಿತಿದಾರ 'ಡೀಪ್ ಥ್ರೋಟ್' ಪತ್ರಕರ್ತ ಬಾಬ್ ವುಡ್‌ವರ್ಡ್‌ಗೆ ಹೇಳಿದ್ದ ಅನ್ನೋ ಪೋಸ್ಟ್ ಮತ್ತೆ ಓಡಾಡ್ತಿದೆ. ಅದು ತಪ್ಪು. ಆ ಮಾತು ಬಂದದ್ದು 1976ರ 'ಆಲ್ ದಿ ಪ್ರೆಸಿಡೆಂಟ್ಸ್ ಮೆನ್' ಸಿನಿಮಾದಲ್ಲಿ. ಚಿತ್ರಕಥೆ ವಿಲಿಯಂ ಗೋಲ್ಡ್‌ಮನ್ ಅವರದು. ವುಡ್‌ವರ್ಡ್ ಮತ್ತು ಕಾರ್ಲ್ ಬರ್ನ್‌ಸ್ಟೀನ್ ಬರೆದ ಮೂಲ ಪುಸ್ತಕ ತೆಗೆದು ನೋಡಿ, ಈ ಸಾಲೇ ಸಿಗಲ್ಲ.

ಹಾಗಂತ ದುಡ್ಡಿನ ಕಥೆ ಸುಳ್ಳಲ್ಲ. ನಿಕ್ಸನ್ ಚುನಾವಣಾ ಪ್ರಚಾರಕ್ಕೆಂದು ಕೊಟ್ಟ 25,000 ಡಾಲರ್‌ಗಳ ಒಂದು ಚೆಕ್, ವಾಟರ್‌ಗೇಟ್ ಕಟ್ಟಡದಲ್ಲಿದ್ದ ಎದುರಾಳಿ ಡೆಮಾಕ್ರಟಿಕ್ ಪಕ್ಷದ ಕಚೇರಿಗೆ ನುಗ್ಗಿ ಸಿಕ್ಕಿಬಿದ್ದವರಲ್ಲಿ ಒಬ್ಬನಾದ ಬರ್ನಾರ್ಡ್ ಬಾರ್ಕರ್‌ನ ಮಯಾಮಿ ಬ್ಯಾಂಕ್ ಖಾತೆಗೆ ಹೋಗಿತ್ತು, ಪತ್ರಕರ್ತರು ಅದನ್ನ ಹುಡುಕಿ ತೆಗೆದಿದ್ದೂ ನಿಜ. ಮಾತು ಮಾತ್ರ ಸಿನಿಮಾದ್ದು. ಕತ್ತಲ ಪಾರ್ಕಿಂಗ್‌ನಲ್ಲಿ ಡೀಪ್ ಥ್ರೋಟ್ ಪಾತ್ರದ ನಟ ಹಾಲ್ ಹೋಲ್‌ಬ್ರೂಕ್ ಅಷ್ಟು ಚೆನ್ನಾಗಿ ಹೇಳಿದ ಮೇಲೆ ಜನ ನಂಬದೆ ಇರ್ತಾರಾ?

ಅದೇ ಪೋಸ್ಟ್‌ನಲ್ಲಿ 'ಡೀಪ್ ಥ್ರೋಟ್ ಯಾರಂತ ಇವತ್ತಿಗೂ ಗೊತ್ತಿಲ್ಲ' ಅಂತಲೂ ಇದೆ. ಗೊತ್ತಾಗಿ ಎಷ್ಟೋ ವರ್ಷ ಆಯ್ತು ಸ್ವಾಮಿ! ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐನ ಎರಡನೇ ಸ್ಥಾನದಲ್ಲಿದ್ದ ಮಾರ್ಕ್ ಫೆಲ್ಟ್, 2005ರಲ್ಲಿ ಅವರೇ ಒಪ್ಪಿಕೊಂಡರು.

ಸಿನಿಮಾದಲ್ಲಿ ಅಪ್ಪಟ ನಿಜ ಬೇಕಂದ್ರೆ ಶುರುವಿನಲ್ಲೇ ನೋಡಿ. 1972ರ ಜೂನ್ 17ರ ಬೆಳಗಿನ ಜಾವ ವಾಟರ್‌ಗೇಟ್ ಕಟ್ಟಡದ ಬಾಗಿಲ ಚಿಲಕಕ್ಕೆ ಅಂಟಿಸಿದ್ದ ಟೇಪ್ ಕಂಡು ಪೊಲೀಸರನ್ನ ಕರೆದ ಕಾವಲುಗಾರ ಫ್ರಾಂಕ್ ವಿಲ್ಸ್. ಪರದೆ ಮೇಲೆ ಆ ಪಾತ್ರ ಮಾಡಿದ್ದೂ ಅವರೇ.