ಏಳು ಕಿಲೋ ಆರೋಗ್ಯ

ಕಳೆದ ವಾರ ನಮ್ಮ ಕಚೇರಿಯ ಎಚ್‌ಆರ್ ವಿಭಾಗದಿಂದ ಎರಡು ಇ-ಮೇಲ್‌ಗಳು ಒಂದರ ಬೆನ್ನಿಗೊಂದು ಬಂದವು. ಮೊದಲನೆಯದು, ಕೆಲಸದ ಮೇಲೆ ಊರೂರು ತಿರುಗುವ ನೌಕರರು ಆರೋಗ್ಯವನ್ನು ಹೇಗೆ ಕಾಪಾಡಿಕೊಳ್ಳಬೇಕೆಂಬ ಸುತ್ತೋಲೆ. ಎಂಟು ಗಂಟೆ ನಿದ್ದೆ ಮಾಡಿ, ದಿನಕ್ಕೆ ಹತ್ತು ಸಾವಿರ ಹೆಜ್ಜೆ ನಡೆಯಿರಿ, ಹೊತ್ತಿಗೆ ಸರಿಯಾಗಿ ಮಿತವಾಗಿ ಉಣ್ಣಿರಿ, ಹಗುರವಾಗಿ ಪ್ಯಾಕ್ ಮಾಡಿ ಎಂದು ಅದರಲ್ಲಿ ಬರೆದಿತ್ತು. ಮೂಲೆಯಲ್ಲಿ ನಗುತ್ತಿರುವ ಸೂಟ್‌ಕೇಸಿನ ಚಿತ್ರವೂ ಇತ್ತು. ಎರಡನೆಯದು ಗೋವಾಕ್ಕೆ ನನ್ನ ಟಿಕೇಟು, ಬೆಳಗಿನ 5.40ರ ವಿಮಾನದ್ದು. ಮುಂಬೈಯ ಹೊರವಲಯದ ಡೊಂಬಿವಲಿಯಲ್ಲಿ ವಾಸವಾಗಿರುವ ಮನುಷ್ಯ ಆ ವಿಮಾನವನ್ನು ಹಿಡಿಯಬೇಕಾದರೆ ಮೊದಲ ಲೋಕಲ್ ಹೊರಡುವ ಮುನ್ನವೇ ಟ್ಯಾಕ್ಸಿ ಹತ್ತಬೇಕು, ಅದಕ್ಕಾಗಿ ಎರಡು ಗಂಟೆಗೆ ಏಳಬೇಕು, ಎರಡಕ್ಕೆ ಏಳಬೇಕಲ್ಲಾ ಎಂಬ ಚಿಂತೆಯಲ್ಲಿ ಹನ್ನೆರಡರವರೆಗೂ ಹೊರಳಾಡಬೇಕು. ಉಳಿದ ಆರು ಗಂಟೆಗಳ ನಿದ್ದೆಯನ್ನು ಎಲ್ಲಿಂದ ತರಬೇಕೆಂಬುದನ್ನು ಸುತ್ತೋಲೆ ತಿಳಿಸಿರಲಿಲ್ಲ. ಹತ್ತು ಸಾವಿರ ಹೆಜ್ಜೆಯ ಲೆಕ್ಕವನ್ನಾದರೂ ವೈದ್ಯರು ಕೊಟ್ಟಿದ್ದಲ್ಲ; 1965ರಲ್ಲಿ ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರವನ್ನು ಮಾರಾಟಕ್ಕಿಟ್ಟಾಗ ಹಿಡಿದ ದುಂಡು ಸಂಖ್ಯೆ ಅದು.

ಹಗುರವಾಗಿ ಪ್ಯಾಕ್ ಮಾಡಿ ಎನ್ನುವವರಿಗೆ ಸಂಸಾರವಿರುವಂತೆ ಕಾಣುವುದಿಲ್ಲ. ಒಳನಾಡಿನ ವಿಮಾನಗಳಲ್ಲಿ ಕೈಚೀಲಕ್ಕೆ ಸಾಮಾನ್ಯವಾಗಿರುವ ಮಿತಿ ಏಳು ಕಿಲೋ. ಗಾಲಿಯ ಚೀಲ ಬರಿದಾಗಿದ್ದಾಗಲೇ ಎರಡೂವರೆ ಕಿಲೋ ತೂಗುತ್ತದೆ. ಉಳಿದ ನಾಲ್ಕೂವರೆ ಕಿಲೋದಲ್ಲಿ ನನ್ನ ಬಟ್ಟೆಗಳಿಗಿಂತ ಮನೆಯವರ ಭಯಗಳೇ ಹೆಚ್ಚು ಜಾಗ ಹಿಡಿಯುತ್ತವೆ. ಅಮ್ಮನ ಭಯ ಶೀತಕ್ಕೆ ಸಂಬಂಧಿಸಿದ್ದು. ಆದ್ದರಿಂದ ಮೇ ತಿಂಗಳಲ್ಲಿಯೂ ಒಂದು ಶಾಲು. ಹೆಂಡತಿಯ ಭಯ ಹೊಟ್ಟೆಗೆ ಸಂಬಂಧಿಸಿದ್ದು. ಆದ್ದರಿಂದ ಮಾತ್ರೆಗಳ ಒಂದು ಡಬ್ಬಿ. ಮಗನಿಗೆ ಫೋನಿನ ಚಾರ್ಜ್ ಮುಗಿಯುವುದಕ್ಕಿಂತ ದೊಡ್ಡ ಆಪತ್ತು ಲೋಕದಲ್ಲಿಲ್ಲವಾದ್ದರಿಂದ ಇಟ್ಟಿಗೆಯಷ್ಟು ಭಾರದ ಪವರ್ ಬ್ಯಾಂಕ್. ಅದನ್ನು ಲಗೇಜಿಗೆ ಹಾಕುವಂತಿಲ್ಲ, ಕೈಯಲ್ಲಿಯೇ ಹೊರಬೇಕೆಂಬುದು ವಿಮಾನದ ನಿಯಮ. ಇವೆಲ್ಲದರ ಮೇಲೆ, ವಾಸ್ಕೋದಲ್ಲಿರುವ ಅತ್ತೆಗೆ ಕೊಡಲೆಂದು ಅಮ್ಮ ಒಮ್ಮೆ ಒಣಕೊಬ್ಬರಿಯ ಗಿಟುಕುಗಳನ್ನು ತುಂಬಿಸಿದ್ದರು. ಎಣ್ಣೆಯಂಶ ಹೆಚ್ಚಿರುವುದರಿಂದ ತಾನೇ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳಬಹುದೆಂದು ವಿಮಾನದ ಲಗೇಜಿನಲ್ಲಿ ಒಣಕೊಬ್ಬರಿಗೆ ಪ್ರವೇಶವಿಲ್ಲ ಎಂದು ವಿವರಿಸಿದಾಗ, ‘ನಮ್ಮ ಅಟ್ಟದ ಮೇಲೆ ವರ್ಷಗಟ್ಟಲೆ ಇರುತ್ತಿತ್ತಲ್ಲ, ಒಂದು ದಿನವಾದರೂ ಹೊತ್ತಿಕೊಂಡಿತೇನೋ?’ ಎಂದು ಕೇಳಿದರು. ತೆಂಗಿನ ತೋಟಗಳ ಗೋವಾಕ್ಕೆ ಡೊಂಬಿವಲಿಯಿಂದ ಕೊಬ್ಬರಿ ಏಕೆ ಎಂಬ ನನ್ನ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಚೀಲ ಕಟ್ಟುವ ವಿದ್ಯೆಯಲ್ಲಿ ನಾನು ಕಂಡ ನಿಜವಾದ ಪಂಡಿತರೆಂದರೆ ನನ್ನ ಸೋದರಮಾವ. ಉಡುಪಿಯ ಕಡೆಯಿಂದ ಬಂದು ಮಾಟುಂಗಾದಲ್ಲಿ ಮನೆ ಮಾಡಿದ್ದ ಮಾವ ಔಷಧಿ ಕಂಪನಿಯೊಂದರ ಮೆಡಿಕಲ್ ರೆಪ್ ಆಗಿ ಎಪ್ಪತ್ತು ಎಂಬತ್ತರ ದಶಕಗಳುದ್ದಕ್ಕೂ ಪುಣೆ, ಸಾತಾರಾ, ಕರಾಡ, ಸಾಂಗ್ಲಿಗಳನ್ನು ಸುತ್ತಿದವರು. ಅಮೆರಿಕದ ಬರ್ನಾರ್ಡ್ ಸ್ಯಾಡೋ ಎಂಬವರು 1972ರಲ್ಲಿಯೇ ಚಕ್ರದ ಸೂಟ್‌ಕೇಸಿಗೆ ಪೇಟೆಂಟ್ ಪಡೆದಿದ್ದರೂ ಆ ಚಕ್ರಗಳು ಮಾಟುಂಗಾದವರೆಗೆ ಉರುಳಿ ಬಂದಿರಲಿಲ್ಲ. ಮಾವ ತಮ್ಮ ಚೀಲವನ್ನು ತಾವೇ ಹೊರಬೇಕಾಗಿದ್ದುದರಿಂದ ಅದರಲ್ಲಿ ಬೇಡದ ವಸ್ತುವೊಂದೂ ಇರುತ್ತಿರಲಿಲ್ಲ. ಮನುಷ್ಯನಿಗೆ ಎಷ್ಟು ಸಾಮಾನು ಬೇಕೆಂಬ ಅಂದಾಜು ತಪ್ಪಿದ್ದೇ ಚೀಲಕ್ಕೆ ಚಕ್ರ ಬಂದ ಮೇಲೆ ಎಂದು ನನ್ನ ಗುಮಾನಿ.

ಅವರ ಚೀಲದಲ್ಲಿ ಎರಡು ಟೆರಿಲಿನ್ ಅಂಗಿಗಳು, ಒಂದು ಪಾಣಿಪಂಚೆ, ಲಾಡ್ಜಿನ ಬಾಗಿಲಿಗೆ ಹಾಕಲು ಸ್ವಂತದ ಬೀಗ, ನಾಲ್ಕು ಸೇಫ್ಟಿ ಪಿನ್ನು ಮತ್ತು ಹಾರ್ಲಿಕ್ಸ್ ಬಾಟಲಿಯಲ್ಲಿ ಮೆಂತ್ಯದ ಹಿಟ್ಟು ಇರುತ್ತಿದ್ದವು. ರಾತ್ರಿ ಲಾಡ್ಜಿನ ಬಚ್ಚಲಲ್ಲಿ ಅಂಗಿಯನ್ನು ಸೋಪಿನಲ್ಲಿ ಜಾಲಿಸಿ, ಹಿಂಡದೆ, ನೀರು ತೊಟ್ಟಿಕ್ಕುತ್ತಿರುವಂತೆಯೇ ಹ್ಯಾಂಗರಿಗೆ ಹಾಕಿ, ಕಾಲರನ್ನೂ ಗುಂಡಿಯ ಪಟ್ಟಿಯನ್ನೂ ಎರಡು ಬೆರಳಿನಿಂದ ಎಳೆದು ನೇರ ಮಾಡಿದರೆ, ನೀರಿನ ಭಾರಕ್ಕೇ ನೆರಿಗೆಗಳು ಬಿಚ್ಚಿಕೊಂಡು ಬೆಳಗ್ಗೆ ಇಸ್ತ್ರಿಯ ಹಂಗಿಲ್ಲದೆ ತೊಡಬಹುದಾಗಿತ್ತು. ಪಾಣಿಪಂಚೆ ಮೈ ಒರೆಸಿದ ಒಂದು ಗಂಟೆಯಲ್ಲಿ ಒಣಗುತ್ತಿತ್ತು. ರಾತ್ರಿ ಅದೇ ಲಾಡ್ಜಿನ ದಿಂಬಿಗೆ ಹೊದಿಕೆಯಾಗುತ್ತಿತ್ತು. ಊಟ ಸಂದೇಹಾಸ್ಪದವೆನಿಸಿದ ಕಡೆ ಬರಿಯ ಅನ್ನ ಮೊಸರು ತರಿಸಿಕೊಂಡು ಮೆಂತ್ಯದ ಹಿಟ್ಟನ್ನು ಕಲಸಿ ಉಣ್ಣುತ್ತಿದ್ದರು. ಹೋಟೆಲಿನ ಅಡಿಗೆಯಿಂದ ಅವರ ಹೊಟ್ಟೆ ಕೆಟ್ಟಿದ್ದನ್ನು ಯಾರೂ ಕೇಳಿಲ್ಲ. ಕೆಡಿಸಿದ್ದು ಪುಣೆಯ ಸದಾಶಿವ ಪೇಠೆಯ ಒಬ್ಬ ಸ್ಟಾಕಿಸ್ಟರ, ಅಂದರೆ ಔಷಧಿಯ ಸಗಟು ವ್ಯಾಪಾರಿಯ, ಮನೆ.

ಪುಣೆಯ ಹಳೆಯ ಪೇಠೆಗಳ ಅಂಗಡಿಗಳು ಮಧ್ಯಾಹ್ನ ಒಂದಕ್ಕೆ ಬಾಗಿಲೆಳೆದರೆ ನಾಲ್ಕರವರೆಗೆ ತೆರೆಯುವುದಿಲ್ಲವೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಪುಣೆಯವರು ಬಂದವರನ್ನು ‘ಚಹಾ ಕುಡಿದೇ ಬಂದಿರುತ್ತೀರಲ್ಲವೇ?’ ಎಂದು ಮಾತನಾಡಿಸುತ್ತಾರೆಂಬ ಅಪವಾದವೂ ಎಲ್ಲರಿಗೂ ಗೊತ್ತು. ಆದರೆ ಈ ಸ್ಟಾಕಿಸ್ಟರು ಆ ಅಪವಾದವನ್ನು ಒಬ್ಬರೇ ತೊಳೆಯಲು ಹೊರಟಂತಿದ್ದರು. ಗುರುವಾರ ಗುರುವಾರ ಮಾವ ಅವರ ಅಂಗಡಿಗೆ ಆರ್ಡರ್ ಬರೆಸಿಕೊಳ್ಳಲು ಹೋದರೆ, ಒಂದು ಗಂಟೆಗೆ ಶಟರ್ ಎಳೆದು, ಮಾವನ ಚೀಲವನ್ನು ತಾವೇ ಎತ್ತಿಕೊಂಡು, ಮೇಲಿನ ಮಹಡಿಯ ಮನೆಗೆ ಊಟಕ್ಕೆ ಕರೆದೊಯ್ಯುತ್ತಿದ್ದರು. ಅಲ್ಲಿ ಸ್ಟಾಕಿಸ್ಟರ ತಾಯಿ, ಎಲ್ಲರೂ ಆಜಿ ಎಂದು ಕರೆಯುತ್ತಿದ್ದವರು, ಪೋಳಿಗಳ (ಚಪಾತಿಗಳ) ಮೇಲೆ ತುಪ್ಪ ಸುರಿಯುತ್ತ ಬಾಗಿಲಲ್ಲೇ ಕಾದಿರುತ್ತಿದ್ದರು. ಊಟವಾದ ಮೇಲೆ ನಾಲ್ಕರಿಂದ ಡಾಕ್ಟರುಗಳ ಭೇಟಿ. ಪ್ರತಿ ಕ್ಲಿನಿಕ್ಕಿನ ಮೆಟ್ಟಿಲು ಹತ್ತುವಾಗಲೂ ಮಾವನಿಗೆ ಎದೆಯಲ್ಲಿ ತೇಗು ಸಿಕ್ಕಿಕೊಂಡು, ಹೊಸ ಆಂಟಾಸಿಡ್‌ನ ಗುಣಗಾನ ಮಾಡಲು ಬಾಯಿ ತೆರೆದರೆ ಅದರ ಅಗತ್ಯವೇ ಮೊದಲು ಹೊರಬೀಳುತ್ತಿತ್ತು.

ಮಾವ ಮಾಧ್ವ ಮನೆತನದಲ್ಲಿ ಬೆಳೆದವರು. ಏಕಾದಶಿಯೆಂದರೆ ಉಗುಳು ನುಂಗುವುದಕ್ಕೂ ಅನುಮಾನಿಸುವ ಅಜ್ಜಿಯನ್ನು ಕಂಡವರು. ಉಪವಾಸವೆಂದರೆ ಊಟವಿಲ್ಲ ಎಂಬ ಸರಳ ನಂಬಿಕೆಯಿಂದ, ಒಂದು ಗುರುವಾರ ಅವರು ಗಂಭೀರವಾಗಿ, ‘ಇನ್ನು ಮೇಲೆ ಗುರುವಾರ ದತ್ತಾತ್ರೇಯನ ಉಪವಾಸ ಹಿಡಿದಿದ್ದೇನೆ’ ಎಂದು ಘೋಷಿಸಿದರು. ಸ್ಟಾಕಿಸ್ಟರು ಕೈಮುಗಿದರು. ಆಜಿಯ ಕಣ್ಣಲ್ಲಿ ನೀರು ಬಂತು. ಬಳಿಕ ಒಳಗೆ ಹೋದವರು ಅರ್ಧ ಗಂಟೆಯಲ್ಲಿ ಹೊರಗೆ ಬಂದದ್ದು ಸಬ್ಬಕ್ಕಿ ಕಿಚಡಿಯ ತಟ್ಟೆಯೊಂದಿಗೆ. ಅದರ ಹಿಂದೆ ವರಿ ಎಂಬ ಕಿರುಧಾನ್ಯದ ಅನ್ನ, ಅದರ ಮೇಲೆ ಶೇಂಗಾದ ಆಮಟಿ, ಪಕ್ಕದಲ್ಲಿ ಗೆಣಸಿನ ಕೀಸ್, ಆಲೂಗಡ್ಡೆಯ ಪಲ್ಯ, ರಾಜಗಿರಿಯ ಲಾಡು ಮತ್ತು ‘ಏನೂ ಇಲ್ಲವಲ್ಲ ಪಾಪ’ ಎಂಬ ಮರುಕದಿಂದ ಕೊಟ್ಟ ಒಂದು ಲೋಟ ಕೆನೆಹಾಲು. ‘ಏಕಾದಶೀ, ದುಪ್ಪಟ್ ಖಾಶೀ’ (ಏಕಾದಶಿ ಬಂತು, ಎರಡು ಪಟ್ಟು ತಿನ್ನುವೆ) ಎಂಬ ಮರಾಠಿಯ ಗಾದೆಯನ್ನು ಮಾವ ಮಾಟುಂಗಾದಲ್ಲಿ ಎಷ್ಟೋ ಸಲ ಕೇಳಿದ್ದರು. ಅದು ಹಾಸ್ಯವೆಂದು ತಿಳಿದಿದ್ದರು, ಪಾಕವಿಧಾನವೆಂದು ಅವರಿಗೆ ಹೊಳೆದಿರಲಿಲ್ಲ.

ಆ ತಟ್ಟೆಯ ಬಗ್ಗೆ ನಾನೂ ಸಾಕಷ್ಟು ಯೋಚಿಸಿದ್ದೇನೆ. ಅರಿಸಿನ, ಸಾಸಿವೆ, ಇಂಗುಗಳು ಉಪವಾಸಕ್ಕೆ ನಿಷಿದ್ಧ. ಆದರೆ ಆಲೂಗಡ್ಡೆ, ಗೆಣಸು, ಶೇಂಗಾ, ಹಸಿಮೆಣಸು, ಸಬ್ಬಕ್ಕಿಯ ಮೂಲವಾದ ಮರಗೆಣಸು, ಇವೆಲ್ಲವೂ ಅಮೆರಿಕ ಖಂಡದಿಂದ ಹಡಗೇರಿ ಬಂದವು. ಕೆಲವು ಪೋರ್ಚುಗೀಸರ ಕೈಯಿಂದ ಗೋವಾದ ದಾರಿಯಾಗಿಯೇ ಒಳಗೆ ಕಾಲಿಟ್ಟವು. ನಿಷೇಧದ ಪಟ್ಟಿ ಬರೆದವರಿಗೆ ಗೊತ್ತಿಲ್ಲದ ತರಕಾರಿಗಳಾದ್ದರಿಂದ ಅವು ಬಚಾವಾದವೆಂದು ನಾನು ಊಹಿಸುತ್ತೇನೆ. ಸಬ್ಬಕ್ಕಿಯಲ್ಲಿ ಹೆಚ್ಚುಕಡಿಮೆ ಪಿಷ್ಟವೊಂದನ್ನು ಬಿಟ್ಟರೆ ಬೇರೇನೂ ಇಲ್ಲ. ಅದನ್ನು ಶೇಂಗಾಪುಡಿ ತುಪ್ಪಗಳಲ್ಲಿ ಹೊರಳಿಸಿ ಉಂಡ ಮನುಷ್ಯ ಟಿಳಕ ರಸ್ತೆಯ ಬಿಸಿಲಲ್ಲಿ ಡಾಕ್ಟರುಗಳನ್ನು ಹುಡುಕುತ್ತ ನಡೆಯುವುದೆಂದರೆ ಅದೇ ಒಂದು ವ್ರತ.

ಮುಂದೆ ಮಾವ ತಮಗೆ ಸಕ್ಕರೆ ಕಾಯಿಲೆ ಇದೆಯೆಂದು ಹೇಳಿ ನೋಡಿದರು. ಅದರ ಮುಂದಿನ ಗುರುವಾರ ಆಜಿ ಊಟಕ್ಕೆ ಮೊದಲು ಹಾಗಲಕಾಯಿಯ ರಸವನ್ನೂ ಊಟದ ನಂತರ ನೇರಳೆ ಬೀಜದ ಪುಡಿಯನ್ನೂ ಕೊಟ್ಟರೇ ಹೊರತು ಊಟವನ್ನು ತಗ್ಗಿಸಲಿಲ್ಲ. ಕೊನೆಗೆ ಒಂದಕ್ಕೆ ಹತ್ತು ನಿಮಿಷವಿರುವಾಗಲೇ ಏನೋ ನೆಪ ಹೇಳಿ ತಪ್ಪಿಸಿಕೊಂಡು, ಸ್ವಾರಗೇಟ್ ಎಸ್‌ಟಿ ನಿಲ್ದಾಣದ ಬೆಂಚಿನ ಮೇಲೆ ಎರಡು ಬಾಳೆಹಣ್ಣು ತಿಂದು ನಾಲ್ಕರವರೆಗೆ ಪತ್ರಿಕೆ ಓದುವ ಉಪಾಯ ಮಾಡಿದರು. ಕೆಲವು ವಾರ ಅದು ನಡೆಯಿತು. ಸಾತಾರಾದ ಬಸ್ಸು ಹತ್ತಲು ಬಂದ ಸ್ಟಾಕಿಸ್ಟರ ಮಗ ಅವರನ್ನು ಅಲ್ಲಿ ಕಂಡು, ‘ಕಾಕಾ, ನೀವು ಇಲ್ಲಿ?’ ಎಂದು ಕೇಳಿದ ದಿನದಿಂದ ಆರ್ಡರು ಅರ್ಧಕ್ಕಿಳಿಯಿತು. ಮಾವ ಮತ್ತೆ ಮಹಡಿಯ ಮೆಟ್ಟಿಲು ಹತ್ತಿದರು, ಆರ್ಡರೂ ಮತ್ತೆ ಮೇಲೇರಿತು. ಪ್ರಯಾಣಿಕ ತನ್ನ ಹೊಟ್ಟೆಗೆ ತಾನೇ ಒಡೆಯನೆಂದು ತಿಳಿದು ‘ಮಿತವಾಗಿ ಉಣ್ಣಿರಿ’ ಎಂದು ಬರೆಯುವವರು ಒಂದು ಆರ್ಡರನ್ನೂ ಬರೆಸಿಕೊಂಡವರಲ್ಲ. ಚೀಲಕ್ಕೆ ಏಳು ಕಿಲೋದ ಮಿತಿಯಿದೆ. ಉಪಚಾರಕ್ಕೆ ಯಾವ ಕೌಂಟರಿನಲ್ಲಿಯೂ ತಕ್ಕಡಿ ಇಟ್ಟಿಲ್ಲ.

ಗೋವಾದ ಮಾತಿಗೆ ಬರುತ್ತೇನೆ. ಅಲ್ಲಿಗೆ ಕೆಲಸದ ಮೇಲೆ ಹೋಗುತ್ತೇನೆಂದರೆ ನಮ್ಮ ಕಟ್ಟಡದಲ್ಲಿ ನಂಬುವವರಿಲ್ಲ. ಲಿಫ್ಟಿನಲ್ಲಿ ಸಿಕ್ಕವರು ಕಣ್ಣು ಮಿಟುಕಿಸುತ್ತಾರೆ. ನನ್ನ ಗೋವಾ ಎಂದರೆ ವೆರ್ಣಾದ ಕೈಗಾರಿಕಾ ವಸಾಹತು. ಅಲ್ಲಿ ಬೇಕಾದದ್ದು ಮುಚ್ಚಿದ ಬೂಟು, ತುಂಬುತೋಳಿನ ಅಂಗಿ, ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಒಂದು ಜೊತೆ ಹೆಚ್ಚುವರಿ ಕಾಲುಚೀಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಒದ್ದೆಯಾದ ಬಟ್ಟೆ ಒದ್ದೆಯಾಗಿಯೇ ಉಳಿಯುತ್ತದೆ, ಮಾವನ ಟೆರಿಲಿನ್ ಆದರೂ ಅಷ್ಟೆ. ಮುಂಬೈಯಲ್ಲಿ ನಿಂತ ನೀರಿನಲ್ಲಿ ಕಾಲಿಟ್ಟು ವಿಮಾನ ಹತ್ತಿದವರು ಕಾಲನ್ನು ಸೋಪಿನಿಂದ ತೊಳೆದು ಒರೆಸಿಕೊಳ್ಳುವುದು ಒಳ್ಳೆಯದು, ಪಾದದಲ್ಲಿ ಗಾಯವಿದ್ದರೆ ವೈದ್ಯರನ್ನು ಕೇಳುವುದು ಇನ್ನೂ ಒಳ್ಳೆಯದು. ಇಲಿಗಳ ಮೂತ್ರ ಬೆರೆತ ನೀರಿನಿಂದ ಬರುವ ಲೆಪ್ಟೊಸ್ಪೈರೋಸಿಸ್ ಆ ಸಣ್ಣ ಗಾಯದಿಂದಲೇ ಒಳಹೊಗುತ್ತದೆ. ಸುತ್ತೋಲೆಯಲ್ಲಿ ಇದರ ಸೊಲ್ಲಿಲ್ಲ. ಬದಲಿಗೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ವಿಮಾನದಲ್ಲಿ ಆಗಾಗ ಎದ್ದು ಓಡಾಡಿರಿ ಎಂಬ ಸಲಹೆಯಿದೆ. ಅದು ನಾಲ್ಕು ಗಂಟೆ ಮೀರಿದ ಪ್ರಯಾಣಗಳಿಗೆ ಹೇಳಿದ ಮಾತು. ಮುಂಬೈಯಿಂದ ಗೋವಾಕ್ಕೆ ಒಂದು ಗಂಟೆ ಚಿಲ್ಲರೆ, ಸೀಟ್ ಬೆಲ್ಟ್ ಬಿಚ್ಚುವ ಹೊತ್ತಿಗೆ ಮತ್ತೆ ಕಟ್ಟಿಕೊಳ್ಳಿ ಎನ್ನುತ್ತಾರೆ. ಕಾಲು ಮರಗಟ್ಟುವುದು ಅನಂತರ. ವೆರ್ಣಾಕ್ಕೆ ಹೋಗುವವರು ಹತ್ತಿರದ ದಾಬೋಳಿ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು. ನಮ್ಮವರು ಟಿಕೇಟು ಅಗ್ಗವೆಂದು, 2023ರ ಜನವರಿಯಿಂದ ವಿಮಾನಗಳು ಇಳಿಯತೊಡಗಿದ ಮೋಪಾಕ್ಕೆ ಕಳಿಸುತ್ತಾರೆ. ಮೋಪಾ ಇರುವುದು ಗೋವಾದ ಉತ್ತರದ ತುದಿಯಲ್ಲಿ, ಮಹಾರಾಷ್ಟ್ರದ ಗಡಿಯ ಪೆಡ್ಣೆ ತಾಲ್ಲೂಕಿನಲ್ಲಿ. ಉಳಿಸಿದ ದುಡ್ಡೆಲ್ಲ ಟ್ಯಾಕ್ಸಿಗೆ ಹೋಗುತ್ತದೆ; ಆದರೆ ಅದು ಬೇರೆ ಶೀರ್ಷಿಕೆಯ ಖರ್ಚಾದ್ದರಿಂದ ಯಾರಿಗೂ ಬೇಸರವಿಲ್ಲ.

ಇನ್ನು ಹೆಂಡತಿ ಕಟ್ಟಿಕೊಡುವ ಡಬ್ಬಿಯಲ್ಲಿ ನಾನು ಮನಸಾರೆ ಒಪ್ಪುವ ವಸ್ತು ಒಂದೇ: ಓಆರ್‌ಎಸ್ ಪೊಟ್ಟಣ. ಇಪ್ಪತ್ತು ಗ್ರಾಂ ಚಿಲ್ಲರೆ ತೂಕ, ಒಂದು ಲೀಟರ್ ನೀರಿಗೆ ಒಂದು. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಸಾಲದಾದಾಗ, ಡಾ. ದಿಲೀಪ್ ಮಹಾಲನಾಬಿಸ್ ಅವರು ಉಪ್ಪು ಮತ್ತು ಗ್ಲೂಕೋಸಿನ ನೀರನ್ನು ಬಾಯಿಂದಲೇ ಕುಡಿಸಿ ಸಾವಿರಾರು ಜೀವಗಳನ್ನು ಉಳಿಸಿದ ಔಷಧ ಅದು. ವಿಮಾನ ನಿಲ್ದಾಣದ ಅಂಗಡಿಗಳಲ್ಲಿ ಅದೇ ಹೆಸರು ಹಚ್ಚಿ ಮಾರುತ್ತಿದ್ದ ಸಕ್ಕರೆ ಪಾನಕಗಳ ಬಗ್ಗೆ ನಾನು ವರ್ಷಗಟ್ಟಲೆ ಗೊಣಗಿದ್ದೇನೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತಿಲ್ಲದ ಪಾನೀಯಕ್ಕೆ ಆ ಹೆಸರು ಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಲು 2025ರ ಅಕ್ಟೋಬರ್ ಬರಬೇಕಾಯಿತು.

ಕಳೆದ ಮಳೆಗಾಲದಲ್ಲಿ ಗ್ರಾಹಕರೊಬ್ಬರು ಬಲವಂತ ಮಾಡಿ ರಾತ್ರಿ ಹನ್ನೊಂದಕ್ಕೆ ಬಡಿಸಿದ ಔತಣದ ಫಲವಾಗಿ, ಡಬ್ಬಿಯ ಪೊಟ್ಟಣಗಳು ಬೆಳಗಾಗುವುದರೊಳಗೆ ಮುಗಿದು, ವಾಸ್ಕೋದ ಔಷಧಿ ಅಂಗಡಿಯಿಂದ ಇನ್ನೂ ನಾಲ್ಕನ್ನು ತರಿಸಿ ಬಿಲ್ಲನ್ನು ಪ್ರಯಾಣದ ಖರ್ಚಿನೊಡನೆ ಲಗತ್ತಿಸಿದೆ. ಲೆಕ್ಕಪತ್ರ ವಿಭಾಗದವರು ಅದನ್ನು ಹಿಂದಿರುಗಿಸಿದರು. ಅದು ಪಾನೀಯವಾದರೆ ದಿನಭತ್ಯೆಯಲ್ಲಿ ಅಡಕ. ಔಷಧವಾದರೆ ವಿಮೆಯವರನ್ನು ಕೇಳಬೇಕು. ವಿಮೆಯವರು ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲಿ ಮಲಗದವರ ಜೊತೆ ಮಾತನಾಡುವುದಿಲ್ಲ. ಹೊಟ್ಟೆ ಕೆಡಿಸಿದ ಔತಣಕ್ಕೆ ನಮ್ಮ ಕಡೆಯಿಂದ ಸಂದ ಹಣ ಮಾತ್ರ ‘ವ್ಯವಹಾರ ಅಭಿವೃದ್ಧಿ’ ಎಂಬ ಶೀರ್ಷಿಕೆಯಲ್ಲಿ ಒಂದು ಪ್ರಶ್ನೆಯೂ ಇಲ್ಲದೆ ಮಂಜೂರಾಗಿತ್ತು. ಬಹಳ ಪತ್ರವ್ಯವಹಾರದ ನಂತರ, ವೈದ್ಯರ ಚೀಟಿಯನ್ನು ಲಗತ್ತಿಸಿದರೆ ಪರಿಶೀಲಿಸುವುದಾಗಿ ತಿಳಿಸಿದ್ದಾರೆ. ಚೀಟಿ ಬರೆದುಕೊಡುವ ವೈದ್ಯರ ಫೀಸು ಪೊಟ್ಟಣಗಳ ಬೆಲೆಗಿಂತ ಎಷ್ಟೋ ಪಟ್ಟು ಹೆಚ್ಚಾಗುವುದರಿಂದ, ಆ ಫೀಸಿನ ಬಿಲ್ಲನ್ನು ಯಾವ ಶೀರ್ಷಿಕೆಯಲ್ಲಿ ಸಲ್ಲಿಸಬೇಕೆಂದು ಬರೆದು ಕೇಳಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.