ಸೀಟು ಸಿಗದ ಮಕ್ಕಳು: ಮಂಡ್ಯದಲ್ಲೂ, ಕ್ಯಾಲಿಫೋರ್ನಿಯಾದಲ್ಲೂ

ನಾನಿರುವ ಕ್ಯಾಲಿಫೋರ್ನಿಯಾದಲ್ಲಿ ಮಾರ್ಚ್ ಬಂತೆಂದರೆ ಹನ್ನೆರಡನೇ ತರಗತಿ ಮಕ್ಕಳ ಮನೆಗಳಲ್ಲಿ ಮಾತು ಕಮ್ಮಿಯಾಗುತ್ತದೆ. ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಕ್ಯಾಂಪಸ್‌ಗಳು ಒಂದೊಂದಾಗಿ ಸೀಟು ಉಂಟೋ ಇಲ್ಲವೋ ಹೇಳುವ ಸಮಯ ಅದು. ನಮ್ಮ ಮಂಡ್ಯದಲ್ಲಿ ಇದೇ ದಿಗಿಲು ಮಳೆಗಾಲದಲ್ಲಿ, ಸಿಇಟಿ ಸೀಟು ಹಂಚಿಕೆ ಹೊತ್ತಿಗೆ. ಆಸೆಪಟ್ಟ ಕಾಲೇಜು ಸಿಗದೆ ಎರಡೂ ಕಡೆ ಮಕ್ಕಳು ಅಳುತ್ತಾರೆ. ಆಮೇಲೆ ಮನೆಯವರು ನಡೆದುಕೊಳ್ಳುವ ರೀತಿ ಮಾತ್ರ ಬೇರೆ.

ಇಲ್ಲಿ ಅರ್ಜಿ ಹಾಕುವ ಮಗು ತನ್ನ ಬಗ್ಗೆ ತಾನೇ ಬರೆಯಬೇಕು. ಎಂಟು ಪ್ರಶ್ನೆಗಳಲ್ಲಿ ನಾಲ್ಕನ್ನು ಆರಿಸಿ, ಒಂದೊಂದಕ್ಕೂ 350 ಪದ ಮೀರದ ಉತ್ತರ. ಮನೆಯ ಕಷ್ಟ, ತನಗೆ ಹುಚ್ಚು ಹಿಡಿಸಿದ ವಿಷಯ, ಎಲ್ಲವನ್ನೂ ಬಿಚ್ಚಿಡುತ್ತವೆ ಮಕ್ಕಳು. ಓದಿದವರು ಬೇಡ ಅನ್ನುತ್ತಾರೆ. ಯಾಕೆ ಅಂತ ಹೇಳುವುದಿಲ್ಲ. ಹದಿನೇಳರ ವಯಸ್ಸಿಗೆ ಅದು ದೊಡ್ಡ ಪೆಟ್ಟು.

ನಮ್ಮಲ್ಲಿ ಎಂಜಿನಿಯರಿಂಗ್ ರ‍್ಯಾಂಕಿಗೆ ದ್ವಿತೀಯ ಪಿಯುಸಿಯ ಅಂಕ ಅರ್ಧ, ಸಿಇಟಿ ಅಂಕ ಅರ್ಧ. ಆ ರ‍್ಯಾಂಕು, ಮೀಸಲಾತಿ, ಆಪ್ಷನ್ ಎಂಟ್ರಿಯಲ್ಲಿ ತನಗೆ ಬೇಕಾದ ಕಾಲೇಜುಗಳನ್ನು ಬರೆದ ಕ್ರಮ, ಉಳಿದಿರುವ ಸೀಟು, ಇಷ್ಟನ್ನು ಕಂಪ್ಯೂಟರ್ ಹೊಂದಿಸುತ್ತದೆ. ಹುಡುಗಿ ಎಂಥವಳು ಅಂತ ಯಾರೂ ಕೇಳಿಲ್ಲ. ಹಾಗಾದ ಮೇಲೆ ಅವಳನ್ನು ಯಾರೂ ಬೇಡ ಅಂದೇ ಇಲ್ಲ, ಅಲ್ವಾ? ಆ ಮಾತನ್ನು ಅನ್ನುವವರು ನಾವು, ಮನೆಯವರು.

ನನ್ನ ಅಕ್ಕನ ಮಗಳಿಗೆ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಓದುವ ಆಸೆಯಿತ್ತು. ಸಿಕ್ಕಿದ್ದು ಮೈಸೂರಿನಲ್ಲಿ ಎಲೆಕ್ಟ್ರಾನಿಕ್ಸ್. ಅದೇ ವಾರ ಒಂದು ಬೀಗರೂಟ. "ಎಲ್ಲಿ ಸಿಕ್ತವ್ವಾ ಸೀಟು? ಅಯ್ಯೋ, ಬೆಂಗಳೂರಲ್ಲಿ ಸಿಗ್ನಿಲ್ವಾ?" ಅಂತ ಕೇಳದವರಿಲ್ಲ. ಒಬ್ಬರು ಮ್ಯಾನೇಜ್‌ಮೆಂಟ್ ಸೀಟಿಗೆ ದುಡ್ಡು ಹೊಂದಿಸಿ ಅಂದರು. ಇನ್ನೊಬ್ಬರು ಒಂದು ವರ್ಷ ಡ್ರಾಪ್ ಮಾಡಲಿ ಅಂದರು. ಅವಳನ್ನು ಕೇಳಿದವರೇ ಇಲ್ಲ. ರಾತ್ರಿ ನನಗೆ ಫೋನ್ ಮಾಡಿ, "ಮಾವ, ಒಂದಿನ ನನ್ನ ಸುಮ್ನೆ ಬಿಡೋಕೆ ಅಮ್ಮಂಗೆ ಹೇಳಿ" ಅಂದಳು. ಅವಳು ಕೇಳಿದ್ದು ಅಷ್ಟೇ.

ಲಾಸ್ ಏಂಜಲೀಸ್‌ನ ಒಂದು ಸರ್ಕಾರಿ ಶಾಲೆಯಲ್ಲಿ ಸೀಟು ಸಿಗದ ಮಕ್ಕಳೆಲ್ಲ ಒಟ್ಟಿಗೆ ಸೇರಿ, ಕಾಲೇಜಿನ ಪತ್ರದ ಪ್ರಿಂಟನ್ನು ಯಂತ್ರಕ್ಕೆ ಹಾಕಿ ಚೂರು ಮಾಡಿ, ಐಸ್‌ಕ್ರೀಂ ತಿನ್ನುತ್ತಾರೆ. ಬೇರೆ ಕೆಲವು ಶಾಲೆಗಳಲ್ಲಿ ಆ ಪತ್ರಗಳನ್ನು ಗೋಡೆಗೆ ಅಂಟಿಸುವ ರೂಢಿಯೂ ಇದೆ. ನನಗೆ ಇದು ತುಂಬಾ ಹಿಡಿಸಿತು. ದುಃಖ ಇದೆ ಅಂತ ಮೊದಲು ಒಪ್ಪಿಕೊಳ್ಳುತ್ತಾರೆ. ಯಾರಿಗೆ ಸಿಗಲಿಲ್ಲ ಅನ್ನುವುದನ್ನು ಮುಚ್ಚಿಡುವುದಿಲ್ಲ.

ಆದರೆ ಮುಂದಿನ ಓಡಾಟಕ್ಕೆ ನಮ್ಮವರೇ ಸರಿ. ಇಲ್ಲಿ ಫಾರ್ಮು, ಸಾಲ, ಹಾಸ್ಟೆಲ್ಲು ಎಲ್ಲದಕ್ಕೂ ಮಗು ಒಬ್ಬಂಟಿಯಾಗಿ ಪರದಾಡುವುದನ್ನು ನೋಡಿದ್ದೇನೆ. ನನ್ನ ಅಕ್ಕನ ಮಗಳಿಗೆ ಪಿಜಿ ಹುಡುಕಿದ್ದು ಅವಳ ಚಿಕ್ಕಪ್ಪ. ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಿಡಿದು ಕಾಲೇಜಿನ ಸಾಲಲ್ಲಿ ನಿಂತಿದ್ದೂ ಅವರೇ. ಬೀಗರೂಟದಲ್ಲಿ ನೋಯಿಸಿದ ನೆಂಟರಲ್ಲಿ ಅವರೂ ಒಬ್ಬರು. ಇಷ್ಟು ಪ್ರೀತಿ ಇರುವವರು ಮೊದಲ ದಿನ ಬಾಯಿ ಬಿಗಿ ಹಿಡಿದರೆ ಸಾಕಿತ್ತು.

ಇನ್ನೊಂದು ವ್ಯತ್ಯಾಸ ನನ್ನನ್ನು ಜಾಸ್ತಿ ಕಾಡುತ್ತದೆ. ಇಲ್ಲಿ ಕಮ್ಯುನಿಟಿ ಕಾಲೇಜಿನಲ್ಲಿ, ಅಂದರೆ ಹತ್ತಿರದ ಸರ್ಕಾರಿ ಕಾಲೇಜಿನಲ್ಲಿ, ಎರಡು ವರ್ಷ ಓದಿ, ಬೇಕಾದ ಅಂಕ ತೆಗೆದರೆ, ಯೂನಿವರ್ಸಿಟಿಯ ಆರು ಕ್ಯಾಂಪಸ್‌ಗಳಲ್ಲಿ ಒಂದಕ್ಕೆ ಖಾತ್ರಿ ಪ್ರವೇಶ ಪಡೆಯಬಹುದು. ಹೆಸರಾಂತ ಕ್ಯಾಂಪಸ್‌ಗಳಾದ ಬರ್ಕ್ಲಿ, ಯುಸಿಎಲ್‌ಎ ಆ ಆರರಲ್ಲಿಲ್ಲ, ಆದರೂ ಆ ಎರಡಕ್ಕೂ ಹೀಗೆ ಹೋಗಿ ಸೇರುವವರಿದ್ದಾರೆ. ನಮ್ಮಲ್ಲೂ ಎಸ್ಸೆಸ್ಸೆಲ್ಸಿ ಆದಮೇಲೆ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಸಿಇಟಿ ಬರೆದು ನೇರ ಎರಡನೇ ವರ್ಷದ ಎಂಜಿನಿಯರಿಂಗ್ ಸೇರಬಹುದು. ಬಿಇ ಎಲ್ಲೇ ಮುಗಿಸಿದರೂ ಗೇಟ್ ಬರೆದು ಐಐಟಿಯಲ್ಲಿ ಎಂಟೆಕ್ ಮಾಡಬಹುದು. ದಾರಿ ಇದೆ. ಡಿಪ್ಲೊಮಾ ಅಂದರೆ ಮೂಗು ಮುರಿಯುತ್ತೇವಲ್ಲ, ಅದು ತಪ್ಪು.

ಊರಿನ ಕಾಲೇಜಿಗೂ ಅದೇ ಗತಿ. ಕೆ.ವಿ. ಶಂಕರಗೌಡರು ಕಟ್ಟಿದ ಮಂಡ್ಯದ ಪಿಇಎಸ್ ಎಂಜಿನಿಯರಿಂಗ್ ಕಾಲೇಜು ಶುರುವಾಗಿದ್ದು 1962ರಲ್ಲಿ. ಮೈಸೂರಿನ ಎನ್‌ಐಇ ಇನ್ನೂ ಹಳೆಯದು, 1946ರದ್ದು. ಕಬ್ಬು ಬೆಳೆಯುವ ಮನೆಗಳ ಎಷ್ಟೋ ಮಕ್ಕಳು ಈ ಕಾಲೇಜುಗಳಲ್ಲಿ ಓದಿ ಎಂಜಿನಿಯರ್ ಆಗಿದ್ದಾರೆ. ಮಾತು, ಕಿವಿಯ ತೊಂದರೆಗಳ ಚಿಕಿತ್ಸೆ ಕಲಿಸುವ ಮೈಸೂರು ಮಾನಸಗಂಗೋತ್ರಿಯ ವಾಕ್ ಮತ್ತು ಶ್ರವಣ ಸಂಸ್ಥೆಗೆ ದೇಶದ ಮೂಲೆಮೂಲೆಯಿಂದ ಮಕ್ಕಳು ಪರೀಕ್ಷೆ ಬರೆದು ಬರುತ್ತಾರೆ. ಡಾಕ್ಟರ್ ಸೀಟು ತಪ್ಪಿದ ನಮ್ಮ ಮಕ್ಕಳಿಗೆ ಅದರ ಹೆಸರನ್ನೂ ಹೇಳಿರುವುದಿಲ್ಲ.

ಡ್ರಾಪ್ ಮಾಡುವುದೇ ತಪ್ಪು ಅಂತ ನಾನು ಹೇಳುವುದಿಲ್ಲ. ಮಗುವಿಗೇ ಹಠವಿದ್ದರೆ ಮಾಡಲಿ. ಐಐಟಿ ಸೇರಲು ಬರೆಯುವ ಜೆಇಇ ಅಡ್ವಾನ್ಸ್ಡ್‌ಗೆ ಸತತ ಎರಡು ವರ್ಷ, ಎರಡೇ ಅವಕಾಶ ಅನ್ನುವುದು ನೆನಪಿರಲಿ. ಅಪ್ಪನ ಮರ್ಯಾದೆ ಉಳಿಸಲು ಇನ್ನೊಂದು ವರ್ಷ ಕೋಚಿಂಗ್‌ಗೆ ಕೂರಿಸುವುದು ಮಾತ್ರ ಬೇಡ.

ಸೀಟು ಹಂಚಿಕೆ ಆದಮೇಲೆ ಕೆಇಎ, ಅಂದರೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ನಾಲ್ಕು ಆಯ್ಕೆ ಕೊಡುತ್ತದೆ. ಸಿಕ್ಕಿದ್ದಕ್ಕೆ ಸೇರುವುದು ಒಂದನೆಯದು. ಅದನ್ನು ಇಟ್ಟುಕೊಂಡೇ ಮುಂದಿನ ಸುತ್ತಿನಲ್ಲಿ ಮೇಲಿನದಕ್ಕೆ ನೋಡುವುದು ಎರಡನೆಯದು. ಮೂರನೆಯದರಲ್ಲಿ ಮುಂದಿನ ಸುತ್ತಿಗೆ ಹೋಗಬಹುದು, ಆದರೆ ಕೈಲಿದ್ದ ಸೀಟು ಹೋಗುತ್ತದೆ, ನಾಲ್ಕನೆಯದು ಪೂರ್ತಿ ಹೊರಬರುವುದು. ಇದನ್ನು ಮಗುವಿಗೆ ಬಿಡಿಸಿ ಹೇಳಿ. ಒಂದು ರಾತ್ರಿ ಅಳುವುದಿದ್ದರೆ ಅಳಲಿ. ಬೆಳಿಗ್ಗೆ ಯಾವ ಆಯ್ಕೆ ಅಂತ ಅವಳೇ ಹೇಳಲಿ. ಕೊನೇ ತಾರೀಕು ಮೀರದ ಹಾಗೆ ನೋಡಿಕೊಳ್ಳುವುದಷ್ಟೇ ನಿಮ್ಮ ಕೆಲಸ.