ಯುದ್ಧವಿಮಾನಕ್ಕೂ ವಾರಂಟಿ ಕೇಳುವವರಿಗೆ

ಈಗಷ್ಟೇ ಟಿವಿ ಚರ್ಚೆಯಲ್ಲಿ ಒಬ್ಬರು ಮೇಜು ಕುಟ್ಟಿ ಕೇಳ್ತಿದ್ರು: "ಫ್ರಿಜ್ಜಿಗೇ ವಾರಂಟಿ ಇದೆ, ಕೋಟಿಗಟ್ಟಲೆ ಬಾಳುವ ಯುದ್ಧವಿಮಾನಕ್ಕೆ ಯಾಕೆ ಕಡ್ಡಾಯ ಮಾಡಬಾರದು?" ಕೇಳಿ ಸಿಟ್ಟು ಬಂತು. ಅಮೆರಿಕ ಇದನ್ನು ಮಾಡಿ, ದುಡ್ಡು ಸುರಿದು, ಕೈಬಿಟ್ಟೂ ಆಗಿದೆ.

ಅಲ್ಲಿ 1985ರಿಂದ ಕಾನೂನೇ ಇತ್ತು. ಯುದ್ಧವಿಮಾನದಂಥ ಆಯುಧ ಒಂದರ ಬೆಲೆ 1 ಲಕ್ಷ ಡಾಲರ್ ಅಥವಾ ಒಟ್ಟು ಖರೀದಿ 1 ಕೋಟಿ ಡಾಲರ್ ದಾಟಿದರೆ ವಾರಂಟಿ ಬೇಕೇ ಬೇಕು. 1996ರಲ್ಲಿ ಅಲ್ಲಿನ ಲೆಕ್ಕಪರಿಶೋಧಕ ಸಂಸ್ಥೆ ಜಿಎಒ ಕೂತು ಲೆಕ್ಕ ಹಾಕಿತು. ವರ್ಷಕ್ಕೆ ಸುಮಾರು 27 ಕೋಟಿ ಡಾಲರ್ ಖರ್ಚು. ಪರಿಶೀಲಿಸಿದ ವಾರಂಟಿಗಳಲ್ಲಿ ಕೊಟ್ಟ 19 ಡಾಲರಿಗೆ ವಾಪಸ್ ಬಂದದ್ದು ಸುಮಾರು 1 ಡಾಲರ್. 1997ರಲ್ಲಿ ಕಾನೂನು ರದ್ದಾಯಿತು.

ದುಡ್ಡು ಸೋರುವುದು ಸ್ಟೋರಿನಲ್ಲಿ, ವಿಮಾನ ನಿಲ್ಲಿಸುವ ಹ್ಯಾಂಗರಿನಲ್ಲಿ. ಮಾಲು ಸ್ವೀಕರಿಸಿದ ದಿನದಿಂದಲೇ ಅವಧಿ ಎಣಿಸಿದರೆ, ರೇಡಾರಿನ ಸ್ಪೇರ್ ಯೂನಿಟ್ ಪ್ಯಾಕಿಂಗ್ ಬಿಚ್ಚುವ ಮೊದಲೇ ವಾರಂಟಿ ತೀರಿರುತ್ತದೆ. ಇನ್ನು, ಒಂದು ವಿಮಾನ ಹಾರಲೇಬೇಕೆಂದು ಪಕ್ಕದ ವಿಮಾನದಿಂದ ಯೂನಿಟ್ ಕಿತ್ತು ಹಾಕುತ್ತಾರೆ. ಆ ಅವಸರದಲ್ಲಿ ಸೀರಿಯಲ್ ನಂಬರ್, ಓಡಿದ ಗಂಟೆ ಟ್ಯಾಗಿನಲ್ಲಿ ಬರೆಯದಿದ್ದರೆ ಕ್ಲೇಮು ಅಲ್ಲೇ ಬಿದ್ದುಹೋಯಿತು. ಸೀಲ್ ಒಡೆದು ಒಳಗೆ ಕೈ ಹಾಕಿದ್ದರಂತೂ ಕಂಪನಿ ಮಾತೇ ಆಡುವುದಿಲ್ಲ. ಸರಿಯಾಗಿ ಕಳಿಸಿದರೂ, ಹಾರಾಟದ ನಡುಕದಲ್ಲಿ, ಚಳಿಯಲ್ಲಿ ಕೈಕೊಟ್ಟ ಯೂನಿಟ್ಟು ಕಂಪನಿಯ ಟೆಸ್ಟ್ ಬೆಂಚಿನ ಮೇಲೆ ಸರಿಯಾಗೇ ಕೆಲಸ ಮಾಡುತ್ತದೆ. "ದೋಷ ಕಂಡುಬಂದಿಲ್ಲ" ಎಂಬ ಚೀಟಿಯೊಂದಿಗೆ ವಾಪಸ್. ತಿಂಗಳುಗಟ್ಟಲೆ ವಿಮಾನ ನಿಂತದ್ದಕ್ಕೆ ಯಾರು ಹೊಣೆ?

"ವಾರಂಟಿ ಇಲ್ಲದಿದ್ದರೆ ಕಂಪನಿ ಕಳಪೆ ಮಾಲು ತಳ್ಳುತ್ತದಲ್ಲ" ಅಂತೀರಿ. ತಳ್ಳದಂತೆ ತಡೆಯಬೇಕಾದದ್ದು ತಯಾರಿಕೆಯ ಹಂತದ ತಪಾಸಣೆ, ಸ್ವೀಕಾರ ಪರೀಕ್ಷೆ. ವಾರಂಟಿಯ ಖರ್ಚನ್ನು ಕಂಪನಿ ತನ್ನ ಜೇಬಿನಿಂದ ಹಾಕುವುದಿಲ್ಲ, ಬೆಲೆಯಲ್ಲೇ ಸೇರಿಸಿರುತ್ತದೆ. ನೂರಾರು ವಿಮಾನ ಇಟ್ಟುಕೊಂಡ ಸರ್ಕಾರ ರಿಪೇರಿ ಖರ್ಚನ್ನು ತಾನೇ ಹೊರಬಲ್ಲದು. ಅದಕ್ಕೆ ಕಂಪನಿಗೆ ವಿಮೆ ಕಂತು ಕಟ್ಟಬೇಕಾಗಿಲ್ಲ.

ವಾರಂಟಿ ಹಾಕಲೇಬೇಕೆಂದಿದ್ದರೆ ಹೊಸ ವಿನ್ಯಾಸದ ಕೆಲವೇ ಯೂನಿಟ್‌ಗಳಿಗೆ ಹಾಕಿ. ಅವಧಿ ಫಿಟ್ ಮಾಡಿದ ದಿನದಿಂದ ಶುರುವಾಗಲಿ, ಹಾರಾಟದ ಗಂಟೆಯಲ್ಲಿ ಎಣಿಸಲಿ. ರಿಪೇರಿಗೆ ಹೋದ ದಿನಗಳು ಅವಧಿಯಲ್ಲಿ ಎಣಿಕೆಯಾಗದಿರಲಿ. ಬದಲಿ ಯೂನಿಟ್ ಮೊದಲೇ ವಾಯುನೆಲೆಯಲ್ಲಿರಲಿ. ಎಲ್ಲಕ್ಕಿಂತ ಮುಖ್ಯ, ಸಹಿ ಹಾಕುವ ಮುಂಚೆ ಕ್ಲೇಮ್ ಫಾರಂ ಅನ್ನು ಹ್ಯಾಂಗರಿನ ಟೆಕ್ನಿಷಿಯನ್ ಕೈಗೆ ಕೊಟ್ಟು, ರಾತ್ರಿ ಪಾಳಿಯಲ್ಲಿ ಇದನ್ನು ತುಂಬೋಕೆ ಆಗುತ್ತಾ ಅಂತ ಕೇಳಿ.